ಕನೆಕ್ಟರ್ ಬಾಯಲ್ಲಿದ್ದ ವಿಭೂತಿ

ಆ ಕಾರು ನೀಲಿ ಬಣ್ಣದ್ದೆಂದು ನಾನು ಹೇಳುತ್ತೇನೆ. ಹಸಿರು ಎಂದು ಅಕ್ಕ ಹೇಳುತ್ತಾಳೆ. ಭಾವನನ್ನು ಕೇಳಿದರೆ "ಯಾವ ಕಾರಪ್ಪಾ?" ಎಂದು ಪೇಪರಿನ ಪುಟ ತಿರುಗಿಸುತ್ತಾರೆ, ಅದು ಮರೆವೋ ನಾಟಕವೋ ಗೊತ್ತಾಗುವುದಿಲ್ಲ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಅಳೆಯದೆ ಯಾವುದನ್ನೂ ನಂಬಬಾರದು ಎಂದು ಅಲ್ಲಿ ಕಲಿಸಿದರು. ಅಳೆದದ್ದನ್ನೂ ಪೂರ್ತಿ ನಂಬಬಾರದು ಎಂದು ಕೆಲಸಕ್ಕೆ ಸೇರಿದ ಮೇಲೆ ನಾನೇ ಕಲಿತೆ. ಹಾಗಾಗಿ ಬಣ್ಣದ ವಿಷಯ ಬಿಟ್ಟುಬಿಡುತ್ತೇನೆ. ಕನೆಕ್ಟರಿನ ವಿಷಯ ಮಾತ್ರ ಬಿಡಲಾರೆ. ಅದು ನನ್ನ ಬೆರಳು ಸುಟ್ಟಿತ್ತು.

ತೊಂಬತ್ತರ ದಶಕದ ನಡುಭಾಗ. ನಾನು ಚಿಕ್ಕಬಾಣಾವರದಲ್ಲಿ ಅಕ್ಕ-ಭಾವನ ಜೊತೆಗಿದ್ದೆ. ರೈಲ್ವೆ ಸ್ಟೇಷನ್ನಿನ ಹತ್ತಿರ, ಮೊದಲು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎದ್ದ ಮನೆಯೊಂದರ ಮಹಡಿ. ಕೆಳಗೆ ಮನೆ ಮಾಲೀಕರು. ಹೊಲ ಸೈಟಾದ ಮೇಲೂ ಬೆಳಗಾಗುವ ಮುಂಚೆ ಎದ್ದು, ನೋಡಲು ಬೆಳೆಯಿಲ್ಲದೆ ನಮ್ಮ ಸ್ಕೂಟರನ್ನು ನೋಡಿಕೊಂಡು ನಿಲ್ಲುತ್ತಿದ್ದರು. ಭಾವ ಪೀಣ್ಯದಲ್ಲಿ ಸ್ವಿಚ್‌ಗೇರ್ ತಯಾರಿಸುವ ಒಂದು ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್. ನಾನು ಅಲ್ಲಿಂದ ಎರಡು ರಸ್ತೆ ಆಚೆ, ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿದ್ದೆ. ಅದು ನನ್ನ ಮೂರನೆಯ ಕೆಲಸ. ನಾಲ್ಕನೆಯದಕ್ಕೆ ಅರ್ಜಿ ಹಾಕಿಯಾಗಿತ್ತು. ಒಂದು ಕಡೆ ಕೂತರೆ ನನ್ನ ಕಾಲು ತಾನಾಗಿ ಅಲ್ಲಾಡಲು ಶುರುವಾಗುತ್ತದೆ. ಊಟಕ್ಕೆ ಕೂತಾಗ ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು "ಸಾಕು, ನಿಲ್ಸು" ಎನ್ನುತ್ತಿದ್ದಳು.

ಒಂದು ಹೊಸ ಯಂತ್ರದ ತರಬೇತಿಗೆಂದು ಕಂಪನಿ ಭಾವನನ್ನು ಜಪಾನಿಗೆ ಕಳಿಸಿತು. ಹೋಗುವಾಗ ಅಕ್ಕ ಒಂದು ರೈಸ್ ಕುಕ್ಕರ್ ಹೇಳಿದ್ದಳು. ಬರುವಾಗ ಸೂಟ್‌ಕೇಸಿನಿಂದ ಹೊರಬಂದದ್ದು ರೇಡಿಯೋದಿಂದ ಓಡುವ ಕಾರು. ಮೊಣಕೈಯಿಂದ ಬೆರಳತುದಿಯವರೆಗೆ ಉದ್ದ, ದಪ್ಪ ರಬ್ಬರಿನ ಚಕ್ರ, ಕೈಯಲ್ಲಿ ಹಿಡಿಯಲು ಆಂಟೆನಾ ಇರುವ ಪೆಟ್ಟಿಗೆ. ಹೊಟ್ಟೆಯೊಳಗೆ ಆರು ಸೆಲ್ಲಿನ, ಚಾರ್ಜ್ ಮಾಡುವ ಬ್ಯಾಟರಿ. ಜೊತೆಗೆ ಬೇರೆ ಪೊಟ್ಟಣದಲ್ಲಿ ಇನ್ನೂ ಜೋರಾದ ಒಂದು ಮೋಟಾರು.

ಅಕ್ಕ-ಭಾವನಿಗೆ ಮಕ್ಕಳಿರಲಿಲ್ಲ. ದಾವಣಗೆರೆಯಿಂದ ಬಂದಿದ್ದ ಭಾವನ ಸೋದರತ್ತೆ ಕಾರನ್ನು ನೋಡಿ, "ಆಡೋರಿಲ್ದ ಮನಿಗೆ ಆಟದ ಸಾಮಾನು ತಂದೀಯಲ್ಲಪ್ಪಾ" ಎಂದರು. ಭಾವ ತಲೆ ಬಗ್ಗಿಸಿದರು. ಅಕ್ಕ ಮಾತ್ರ ಕಾಫಿ ಲೋಟ ಇಡುತ್ತಾ, "ಯಾಕಿಲ್ಲ ಅತ್ತೆ, ಇಲ್ಲೇ ಕೂತಿದೆಯಲ್ಲ ಮೀಸೆ ಬಂದಿರೋ ಮಗು" ಎಂದಳು. ಅತ್ತೆಯೂ ನಕ್ಕರು. ಅಕ್ಕ ಹಾಗೆಯೇ. ಯಾರ ಕಡೆಗೋ ಬರುತ್ತಿರುವ ಮಾತಿಗೆ ನಡುವೆ ಕೈ ಒಡ್ಡುತ್ತಾಳೆ. ಇದನ್ನು ನಾನು ಅವತ್ತೇ ಗಮನಿಸಿಟ್ಟುಕೊಂಡಿದ್ದರೆ ಆಮೇಲೆ ಅಷ್ಟೊಂದು ತಿರುಗಾಡುವುದು ತಪ್ಪುತ್ತಿತ್ತು.

ಕಾರಿನ ತೊಂದರೆ ಶುರುವಾದದ್ದು ಹೊಸ ಮೋಟಾರು ಹಾಕಿದ ಮೇಲೆ. ಬ್ಯಾಟರಿಯ ವೈರನ್ನೂ ಕಾರಿನ ವೈರನ್ನೂ ಸೇರಿಸಲು ಒಂದು ಬಿಳಿ ಪ್ಲಾಸ್ಟಿಕ್ಕಿನ ಕನೆಕ್ಟರ್ ಬಂದಿತ್ತು, ಒಳಗೆ ಎರಡು ಸಣ್ಣ ಪಿನ್ನು. ಮೊದಲ ಮೋಟಾರಿಗೆ ಅದು ಸಾಕಾಗುತ್ತಿತ್ತು. ಹೊಸದು ಹಸಿದ ಮೋಟಾರು, ಕರೆಂಟನ್ನು ಗಟಗಟನೆ ಕುಡಿಯುತ್ತಿತ್ತು. ಮನೆಯ ಹಿಂದಿನ ಖಾಲಿ ಸೈಟುಗಳ ನಡುವಿನ ರಸ್ತೆಯಲ್ಲಿ ಭಾನುವಾರ ಒಂದು ಸುತ್ತು ಹೊಡೆಸಿ, ಕಾರನ್ನು ಎತ್ತಿ ಕನೆಕ್ಟರ್ ಬಿಡಿಸಲು ಹೋದೆ. ಬೆರಳು ಚುರ್ ಎಂದಿತು. ಬಿಳಿ ಪ್ಲಾಸ್ಟಿಕ್ಕು ಬ್ರೆಡ್ಡಿನ ಅಂಚಿನ ಹಾಗೆ ಕಂದಿತ್ತು. ಒಂದು ಪಿನ್ನು ಮೆತ್ತಗಾದ ಗೂಡಿನಿಂದ ಹಿಂದಕ್ಕೆ ಜಾರಿತ್ತು.

"ಬದಲಾಯಿಸ್ಬೇಕು ಭಾವ. ಪಿನ್ನು ಸಣ್ಣದು, ಎಲ್ಲಾ ಶಕ್ತಿ ಇಲ್ಲೇ ಶಾಖ ಆಗ್ತಿದೆ."

"ಏನು ಹಾಕೋದು?"

ಏನು ಹಾಕುವುದು ಎಂಬುದೇ ಮುಂದಿನ ಕೆಲವು ವಾರ ಮನೆಯ ಮಾತಾಯಿತು. ಅಂಥ ಕನೆಕ್ಟರಿನ ದೊಡ್ಡಣ್ಣ ಆಗ ಬೆಂಗಳೂರಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರಿನೊಳಗೆ ಹಾಕುವ ನಾಲ್ಕು ಪಿನ್ನಿನದು ತಂದೆವು; ಅದರ ಪಿನ್ನು ಇನ್ನೂ ತೆಳು. ಭಾವ ಕಾರ್ಖಾನೆಯಿಂದ ಸ್ಕ್ರೂ ತಿರುಗಿಸಿ ವೈರು ಬಿಗಿಯುವ ಪಟ್ಟಿ ತಂದರು. ಅದು ಗಟ್ಟಿ, ಆದರೆ ಕಾರು ನೆಗೆದು ನೆಗೆದು ಓಡುವಾಗ ಸ್ಕ್ರೂ ಸಡಿಲಾಗುತ್ತಿತ್ತು. ಅದಕ್ಕಿಂತ ದೊಡ್ಡ ಭಯ, ಯಾವತ್ತಾದರೂ ಅವಸರದಲ್ಲಿ ಕೆಂಪು ವೈರಿನ ಜಾಗಕ್ಕೆ ಕಪ್ಪು ಹೋದರೆ ವೇಗ ನಿಯಂತ್ರಿಸುವ ಪುಟ್ಟ ಪೆಟ್ಟಿಗೆ ಸುಟ್ಟುಹೋಗುತ್ತದೆ. ಅದನ್ನು ತರಲು ಮತ್ತೆ ಜಪಾನಿಗೇ ಹೋಗಬೇಕು.

ಮೆಟ್ಟಿಲ ಮೇಲೆ ಕೂತು ನಾವು ವಾದಿಸುತ್ತಿದ್ದುದನ್ನು ಮನೆ ಮಾಲೀಕರು ಕೆಳಗಿನಿಂದ ಕೇಳುತ್ತಾ ನಿಂತಿದ್ದರು.

"ಯಾಕ್ ಸಾ ಇಷ್ಟೊಂದು ಒದ್ದಾಡ್ತೀರ? ನಮ್ ಪಂಪ್‌ಸೆಟ್ಟಿಗೆ ಎರಡ್ ವೈರೂ ಇಂಗೆ ತಿರುವಿ ಟೇಪ್ ಸುತ್ತಿದ್ದೆ. ಬೋರು ಬತ್ತೋಗೋ ಗಂಟ ಓಡ್ತು."

"ಹಾಗಲ್ಲ ಅಣ್ಣ, ಇದನ್ನ ಪ್ರತಿ ಸಲ ಬಿಚ್ಚಿ ಚಾರ್ಜ್ ಮಾಡ್ಬೇಕು."

"ಬಿಚ್ಚಾದೇ ಆದ್ರೆ ಕಟ್ಟಾದ್ ಯಾಕೆ?" ಎಂದು ಅವರು ಹಟ್ಟಿಯ ಕಡೆ ಹೋದರು. 

ಕೊನೆಗೆ ಆರಿಸಿದ್ದು ಸ್ಕೂಟರಿನದು. ಹಾರನ್ನಿನ ವೈರಿಗೆ ಹಾಕುವ ಹಿತ್ತಾಳೆಯ ಬುಲೆಟ್ ಕನೆಕ್ಟರ್: ಒಂದು ಗುಂಡಿನ ತುದಿಯಂಥ ಗಂಡು ಪಿನ್ನು, ಅದು ಹೊಗುವ ಕೊಳವೆಯಂಥ ಹೆಣ್ಣು. ಜೆ.ಸಿ. ರಸ್ತೆಯಲ್ಲಿ ಹಿಡಿಗಟ್ಟಲೆ ಸಿಗುತ್ತಿತ್ತು. "ಊರಿನ ಅಷ್ಟೂ ಸ್ಕೂಟರ್ ಓಡ್ತಿರೋದು ಇದರ ಮೇಲೆ. ಇದು ಸಾಲದು ಅಂದ್ರೆ ಹೆಂಗೆ?" ಎಂದರು ಭಾವ. ಸ್ಕೂಟರ್ ಓಡುವುದು ಪೆಟ್ರೋಲಿನ ಮೇಲೆ, ಹಾರನ್ ಮಾತ್ರ ಇದರ ಮೇಲೆ ಎಂದು ನಾನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೆ ಚೆನ್ನಾಗಿತ್ತು, ಹೇಳಿದೆ ಎಂದು ನೆನಪಿಸಿಕೊಳ್ಳಲು ಮನಸ್ಸು ಎಳೆಯುತ್ತದೆ. ಆದ್ದರಿಂದಲೇ ಹೇಳಿರಲಾರೆ.

ಕೆಂಪು-ಕಪ್ಪು ಅದಲುಬದಲಾಗದಂತೆ ಭಾವ ಒಂದು ಉಪಾಯ ಮಾಡಿದರು. ಬ್ಯಾಟರಿಯ ಕೆಂಪು ವೈರಿಗೆ ಹೆಣ್ಣು, ಕಪ್ಪಿಗೆ ಗಂಡು. ಕಾರಿನ ಕಡೆ ಅದಕ್ಕೆ ಉಲ್ಟಾ. ತಪ್ಪಾಗಿ ಸೇರಿಸಲು ಹೋದರೆ ಗಂಡಿಗೆ ಗಂಡು ಡಿಕ್ಕಿ ಹೊಡೆದು ನಿಲ್ಲುತ್ತದೆ. ವೈರಿನ ಮೇಲೆ ಬರಿಯ ಲೋಹ ಕಾಣದಂತೆ ಸೈಕಲ್ಲಿನ ವಾಲ್ವ್ ಟ್ಯೂಬ್ ಕತ್ತರಿಸಿ ತೊಡಿಸಿದೆವು. ಬ್ಯಾಟರಿಯ ಎರಡು ವೈರನ್ನೂ ಒಟ್ಟಿಗೆ ಕತ್ತರಿಸಬಾರದು, ಕಟರಿನ ಬಾಯಲ್ಲೇ ಕಿಡಿ ಹಾರುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿ, ಆಮೇಲೆ ಇನ್ನೊಂದು. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಸೋಲ್ಡರಿಂಗ್ ಐರನ್ನನ್ನು ಅಕ್ಕನ ಇಕ್ಕಳದ ಮೇಲೆ ಒರಗಿಸಿ ಕೆಲಸ ಮುಗಿಸಿದೆವು. "ಆ ಹೊಗೆ ವಾಸನೆ ಸಾರಿನೊಳಗೆ ಹೋಗುತ್ತೆ" ಎಂದು ಅಕ್ಕ ಗೊಣಗಿದಳು. ಕಾರು ಓಡಿತು. ಚೆನ್ನಾಗಿಯೇ ಓಡಿತು.

ಆಯುಧಪೂಜೆ ಹತ್ತಿರವಾಗುತ್ತಿತ್ತು. ಭಾವನ ಕಾರ್ಖಾನೆಯ ಪರ್ಚೇಸ್ ಮ್ಯಾನೇಜರಿನ ಬಳಿಯೂ ಇಂಥದೇ ಕಾರಿತ್ತು. ಸಿಂಗಾಪುರದ ಷಡ್ಡಕ ಕೊಟ್ಟದ್ದು. ಇಬ್ಬರಿಗೂ ಕಚ್ಚಾ ಸಾಮಾನಿನ ವಿಷಯದಲ್ಲಿ ದಿನವೂ ಜಗಳ. ಪೂಜೆಯ ದಿನ ಕಾರ್ಖಾನೆಯ ಅಂಗಳದಲ್ಲಿ ಪಂದ್ಯ ಎಂದು ಕ್ಯಾಂಟೀನಿನಲ್ಲಿ ಮಾತಾಗಿತ್ತು. ಪೂಜೆಗೆ ಎಲ್ಲರ ಮನೆಯವರೂ ಬರುತ್ತಾರೆ. ಭಾವ ಗೆದ್ದೇ ಗೆಲ್ಲುತ್ತೇನೆಂದು ಶಾಪ್ ಫ್ಲೋರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಆ ಬೆಳಿಗ್ಗೆಯನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ, ಈಗ ಅದು ಸವೆದುಹೋಗಿದೆ. ಅಕ್ಕ ಗೇಟಿನ ಬಳಿ ಸ್ಕೂಟರ್ ತೊಳೆದು ಹೂವು ಮುಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆ, ನನ್ನ ಮಲ್ಟಿಮೀಟರು, ಎಲ್ಲಕ್ಕೂ ವಿಭೂತಿಯ ಮೂರು ಪಟ್ಟೆ, ಮೇಲೊಂದು ಕುಂಕುಮದ ಬೊಟ್ಟು. ಕಾರಿನ ಮುಂಭಾಗಕ್ಕೂ. ಇಷ್ಟನ್ನು ನಾನು ಕಂಡಿದ್ದೇನೆ. ಬ್ಯಾಟರಿಗೆ ಹಚ್ಚಿದ್ದನ್ನು ಕಂಡೆನೇ? ಕಂಡೆ ಎಂದು ಆ ಸಂಜೆ ಅನ್ನಿಸಿತ್ತು. ಈಗ ಹಾಗನ್ನಲಾರೆ.

ನಮ್ಮ ಲ್ಯಾಬಿನ ಪೂಜೆ ಬೇಗ ಮುಗಿದಿತ್ತು. ಮಧ್ಯಾಹ್ನ ನಾನೂ ಅವರ ಕಾರ್ಖಾನೆಗೆ ಹೋದೆ. ಲಾರಿಗಳು ತಿರುಗುವ ಸಿಮೆಂಟಿನ ಅಂಗಳ. ಒಡೆದ ಬೂದುಗುಂಬಳದ ಕೆಂಪು ಹೋಳುಗಳನ್ನು ಒಂದು ಬದಿಗೆ ಗುಡಿಸಿದ್ದರು. ಮಕ್ಕಳು ಕಡ್ಲೆಪುರಿ ಪೊಟ್ಟಣ ಹಿಡಿದು ಸಾಲಾಗಿ ನಿಂತಿದ್ದರು. ಎರಡು ಕಾರುಗಳೂ ಹೊರಟವು. ಭಾವನದು ಮುಂದಿತ್ತು, ಇದರಲ್ಲಿ ನನಗೆ ಸಂಶಯವಿಲ್ಲ. ಎರಡನೆಯ ಸುತ್ತಿನಲ್ಲಿ ಕೆಮ್ಮಿತು. ನಿಂತಿತು. ಒಂದು ಗೇಣು ನೆಗೆದು ಮತ್ತೆ ನಿಂತಿತು. ಆಮೇಲೆ ಅಲ್ಲಾಡಲೇ ಇಲ್ಲ.

ಪರ್ಚೇಸ್ ಮ್ಯಾನೇಜರ್ ತಮ್ಮ ಕಾರನ್ನು ಮುಗಿಸಿಕೊಂಡು ಬಂದು, ನಮ್ಮದರ ಮೇಲಿನ ಚಿಪ್ಪು ಎತ್ತಿ, ಕನೆಕ್ಟರ್ ಎಳೆದರು. ಹಿತ್ತಾಳೆಯ ಬಾಯಲ್ಲಿ ಬೆಳ್ಳಗೆ ಒಣಗಿದ ಪದರ.

"ಓಹೋಹೋ! ವಿಭೂತಿ ಕಣ್ರೀ! ಬ್ಯಾಟರಿಗೂ ಪೂಜೆ ಮಾಡ್ಬಿಟ್ಟಿದಾರೆ ನಮ್ಮ ಪ್ರೊಡಕ್ಷನ್ನೋರು!"

ನಗು ಅಂಗಳದ ತುದಿಯವರೆಗೆ ಹೋಯಿತು. ಯಾರೋ ಹಿಂದಿನಿಂದ, "ಕರೆಂಟು ಶಿವನ ಪಾದ ಸೇರ್ತು ಬಿಡಿ ಸಾರ್" ಎಂದರು. ಭಾವ ಕೈಪೆಟ್ಟಿಗೆ ಹಿಡಿದು ನಿಂತಲ್ಲೇ ನಿಂತಿದ್ದರು.

"ಯಾರ್ ಸಾರ್ ಹಚ್ಚಿದ್ದು?" ಎಂದರು ಪರ್ಚೇಸ್ ಮ್ಯಾನೇಜರ್.

"ನಾನೇ ಕಣ್ರೀ," ಎಂದಳು ಅಕ್ಕ. "ಹಬ್ಬ ಅಲ್ವಾ, ಒಂದನ್ನ ಬಿಟ್ಟು ಒಂದಕ್ಕೆ ಹಚ್ಚಿದ್ರೆ ಅದು ಬೇಜಾರ್ ಮಾಡ್ಕೊಳಲ್ವಾ?"

"ಸರಿ ಮೇಡಂ, ಮುಂದಿನ್ ಸಲ ನಮ್ ಕಾರಿಗೂ ಒಂದ್ ಪಟ್ಟೆ ಹಾಕಿ, ಪಂದ್ಯ ಸಮ ಆಗ್ಲಿ!"

ಮನೆಗೆ ಬಂದ ಮೇಲೆ ಭಾವ ಕಾರನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಡುಗೆಮನೆಯ ಅಟ್ಟದ ಮೇಲಿಟ್ಟರು. ಅವರು ಬೈದಿದ್ದರೆ ಒಳ್ಳೆಯದಿತ್ತು. ಅಕ್ಕ ಒಬ್ಬಟ್ಟು ಬಡಿಸಿದಳು, ಅವರು ತಿಂದರು, ಚೆನ್ನಾಗಿದೆ ಎಂದೂ ಹೇಳಲಿಲ್ಲ. ಮರುದಿನ, ಅದರ ಮರುದಿನ, ಹಾಗೆಯೇ. ಕಾರ್ಖಾನೆಯಲ್ಲಿ ಅಕ್ಕನ ವಿಭೂತಿ ಒಂದು ಜೋಕಾಗಿ ನಿಂತಿತು. ಯಾವ ಯಂತ್ರ ಕೆಟ್ಟರೂ "ಮೇಡಂ ಬಂದು ಹೋದ್ರಾ?" ಎನ್ನುತ್ತಾರಂತೆ. ಅದನ್ನು ನನಗೆ ಹೇಳಿದ್ದು ನಮ್ಮ ಲ್ಯಾಬಿಗೆ ಸಾಮಾನು ತರುತ್ತಿದ್ದ ಆ ಕಾರ್ಖಾನೆಯ ಚಾಲಕ. 

ಅಂದಿನಿಂದ ನನಗೆ ಒಂದೇ ಗೀಳು. ಕಾರು ನಿಂತದ್ದು ಅಕ್ಕನಿಂದಲೇ? ಅಲ್ಲವೆಂದಾದರೆ ಅವಳ ಮೇಲಿನ ಈ ಮಾತನ್ನು ತೆಗೆಯಬೇಕು, ಹೌದೆಂದಾದರೆ ಸುಮ್ಮನಿರಬೇಕು. ದೇವರಿದ್ದಾನೋ ಇಲ್ಲವೋ ಎಂಬುದನ್ನು ನಾನು ಕಾಲೇಜಿನಲ್ಲೇ ಪಕ್ಕಕ್ಕಿಟ್ಟಿದ್ದೆ. ವಿಭೂತಿಯೊಳಗೆ ಕರೆಂಟು ಹರಿಯುತ್ತದೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ, ಅದನ್ನು ಅಳೆಯಬಹುದು.

ಅಕ್ಕನ ದೇವರ ಗೂಡಿನಿಂದ ವಿಭೂತಿ ಗಟ್ಟಿಯ ಒಂದು ತುಂಡು ಕಾಗದದಲ್ಲಿ ಕಟ್ಟಿ ಲ್ಯಾಬಿಗೆ ಒಯ್ದೆ. ಜೆ.ಸಿ. ರಸ್ತೆಯಿಂದ ತಂದ ಹೊಸ ಬುಲೆಟ್‌ಗಳನ್ನು ಮೇಜಿನ ಮೇಲೆ ಜೋಡಿಸಿದೆ. ಕೆಲವಕ್ಕೆ ಒದ್ದೆ ವಿಭೂತಿ ಹಚ್ಚಿ ಒಣಗಿಸಿದೆ, ಕೆಲವನ್ನು ಹಾಗೇ ಬಿಟ್ಟೆ. ಆ ಮೋಟಾರು ಕುಡಿಯುವಷ್ಟು ಕರೆಂಟನ್ನು ಅವುಗಳೊಳಗೆ ಹರಿಸಿ, ಈ ಬದಿಯಿಂದ ಆ ಬದಿಗೆ ಎಷ್ಟು ವೋಲ್ಟೇಜು ಸೋರುತ್ತದೆ ಎಂದು ನೋಡುತ್ತಾ ಕೂತೆ. ಸೆಕ್ಷನ್ ಮುಖ್ಯಸ್ಥರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಏನ್ರೀ ಇದು, ಬಿಳೀದು?"

"ಆಕ್ಸೈಡ್ ಥರದ್ದು ಸಾರ್. ಕಂಟಾಮಿನೇಷನ್ ಟೆಸ್ಟು."

ಅವರು ಬಗ್ಗಿ ಮೂಸಿದರು. ಅವರ ಹಣೆಯ ಮೇಲೂ ಅದೇ ಇತ್ತು. "ವಾಸನೆ ನಮ್ಮನೇದ್ ಇದ್ದಂಗಿದೆ," ಎಂದು ಹೊರಟುಹೋದರು.

ಉತ್ತರ ಸುಲಭವಾಗಿ ಸಿಗಲಿಲ್ಲ. ವಿಭೂತಿ ಹಚ್ಚಿದ ಜೋಡಿ ಮೊದಲು ಕೆಟ್ಟದಾಗಿ ನಡೆದುಕೊಂಡಿತು. ಆದರೆ ಒಂದೆರಡು ಸಲ ಎಳೆದು ಚುಚ್ಚಿದರೆ ಪಿನ್ನು ಪದರವನ್ನು ಕೆರೆದುಕೊಂಡು ಹೋಗಿ, ಬಹುಪಾಲು ಸರಿಯಾಗುತ್ತಿತ್ತು. ಇತ್ತ ವಿಭೂತಿಯ ಸೋಂಕೇ ಇಲ್ಲದ ಜೋಡಿ ಆರಂಭದಲ್ಲಿ ಒಳ್ಳೆಯ ಹುಡುಗನ ಹಾಗಿದ್ದು, ಬಿಸಿಯಾಗುತ್ತಾ ಬಿಸಿಯಾಗುತ್ತಾ ಹಿತ್ತಾಳೆ ತನ್ನ ಬಿಗಿ ಬಿಟ್ಟುಕೊಡುತ್ತಿತ್ತು. ಹೆಣ್ಣು ಪಿನ್ನಿನ ಬಾಯಿ ಅಗಲವಾಗುತ್ತಿತ್ತು. ಸಡಿಲವಾದರೆ ಇನ್ನೂ ಬಿಸಿ, ಬಿಸಿಯಾದರೆ ಇನ್ನೂ ಸಡಿಲ. ಮೇಜನ್ನು ತಟ್ಟಿದರೆ ಮೀಟರಿನ ಮುಳ್ಳು ಕುಣಿಯುತ್ತಿತ್ತು, ಅಂಗಳದಲ್ಲಿ ಕಾರು ಕೆಮ್ಮಿದ ಹಾಗೆಯೇ. ಅಂದರೆ ಸ್ಕೂಟರಿನ ಬುಲೆಟ್ಟೇ ಈ ಕೆಲಸಕ್ಕೆ ತಪ್ಪು ಆಯ್ಕೆ. ವಿಭೂತಿ ಇರದಿದ್ದರೂ ಅದು ಇವತ್ತಲ್ಲ ನಾಳೆ ಕೈಕೊಡುತ್ತಿತ್ತು. ಆದರೆ ಅವತ್ತು ಆ ಸುತ್ತಿನಲ್ಲಿ ನಿಲ್ಲಿಸಿದ್ದು ಯಾವುದು? ಅಲ್ಲಿದ್ದ ಆ ಬುಲೆಟ್ಟು ಪಂಚೆಯೊಳಗೆ ಅಟ್ಟದ ಮೇಲಿತ್ತು. ಪರ್ಚೇಸ್ ಮ್ಯಾನೇಜರ್ ಅದನ್ನು ಆಗಲೇ ಎಳೆದು, ಬೆರಳಿನಿಂದ ಒರೆಸಿ, ನಗುವವರಿಗೆಲ್ಲ ತೋರಿಸಿಯಾಗಿತ್ತು. ಸಾಕ್ಷಿ ಅಳಿಸಿಹೋಗಿತ್ತು.

ಆದರೂ ಆ ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ ಬೇರೊಂದು ವಿಷಯ ಹೊಳೆಯಿತು. ಲ್ಯಾಬಿನಲ್ಲಿ ನಾನು ವಿಭೂತಿ ಹಚ್ಚಲು ಕಿವಿಯ ಹತ್ತಿಕಡ್ಡಿ ಬಳಸಿದ್ದೆ, ಯಾಕೆಂದರೆ ಬೆರಳು ಆ ಬಾಯಿಗೆ ಹೋಗುವುದಿಲ್ಲ. ಅಕ್ಕ ಹಚ್ಚುವುದು ಮೂರು ಬೆರಳಲ್ಲಿ, ಮೂರು ಪಟ್ಟೆ. ವಾಲ್ವ್ ಟ್ಯೂಬ್ ತೊಡಿಸಿದ ಪಿನ್ನಿನ ಒಳಗೆ ಅದು ಹೋಗಬೇಕಾದರೆ, ಒದ್ದೆ ವಿಭೂತಿಯ ಬೆರಳಿನಿಂದ ಗಂಡು ಪಿನ್ನಿನ ತುದಿಯನ್ನು ಹಿಡಿದು ಯಾರೋ ಒಳಗೆ ಒತ್ತಿರಬೇಕು. ಪೂಜೆ ಮಾಡುವವರು ಕನೆಕ್ಟರ್ ಚುಚ್ಚುವುದಿಲ್ಲ. ಕಾರು ಓಡುತ್ತದೋ ಎಂದು ನೋಡುವವರು ಚುಚ್ಚುತ್ತಾರೆ.

ಭಾವ ದಿನವೂ ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಾರೆ. ಮುಗಿದಾಗ ಅವರ ಬಲಗೈಯ ಬೆರಳುಗಳು ಯಾವಾಗಲೂ ಬೆಳ್ಳಗಿರುತ್ತವೆ.

ಮನೆಗೆ ಬಂದಾಗ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಭಾವ ಇನ್ನೂ ಬಂದಿರಲಿಲ್ಲ.

"ಅಕ್ಕಾ, ಆವತ್ತು ಬ್ಯಾಟರಿಗೆ ಹಚ್ಚಿದ್ದು ನೀನಲ್ಲ."

ಅವಳು ತಲೆಯೆತ್ತಲಿಲ್ಲ. "ಕಾಲು ಅಲ್ಲಾಡಿಸ್ಬೇಡ. ಕಾಳು ಚೆಲ್ಲುತ್ತೆ."

"ಭಾವ ಪೂಜೆ ಮುಗಿಸಿ ಕೈ ತೊಳೀದೇ ಚುಚ್ಚಿದಾರೆ."

"ಗೊತ್ತು."

"ಗೊತ್ತಾ?"

"ಅಲ್ಲೇ ಇದ್ನಲ್ಲೋ. ಮಡಿ ಪಂಚೇಲೇ ಕೂತ್ಕೊಂಡು ಟಕಟಕ ಅಂತ ಚುಚ್ತಿದ್ರು. ರೀ, ತಿಂಡಿ ಆರುತ್ತೆ ಅಂದೆ. ಒಂದ್ನಿಮಿಷ ಅಂದ್ರು."

"ಮತ್ಯಾಕೆ ನಾನೇ ಅಂದೆ?"

ಅಕ್ಕ ಒಂದು ಕಾಯಿ ಸುಲಿದಳು, ಇನ್ನೊಂದು ಸುಲಿದಳು. "ನನ್ನ ನೋಡಿ ನಕ್ರೆ ನಾನೇನು ಅಲ್ಲಿ ದಿನಾ ಹೋಗ್ತೀನಾ? ಹೆಂಗಸು, ಪೂಜೆ ಮಾಡಿದ್ಲು ಅಂತಾರೆ. ಇವರನ್ನ ನೋಡಿ ನಗೋಕೆ ಬಿಟ್ರೆ, ನಾಳೆ ಆ ಶೆಡ್ಡಲ್ಲಿ ಇವರು ಒಂದ್ ಮಾತು ಹೇಳಿದ್ರೆ ಯಾರು ಕೇಳ್ತಾರೆ? ನೀನೇ ಹೇಳು."

"ಅವರಿಗೆ ಗೊತ್ತಾ, ಅವರೇ ಅಂತ?"

"ಗೊತ್ತಿಲ್ದೆ ಅಟ್ಟಕ್ಕೆ ಹಾಕಿದ್ರಾ? ನನ್ನ ಮೇಲೆ ಕೋಪ ಇದ್ದಿದ್ರೆ ಒಬ್ಬಟ್ಟಿಗೆ ತುಪ್ಪ ಕಮ್ಮಿ ಅಂತ ಕೂಗಾಡಿ ಮುಗಿಸಿರೋರು. ಇದು ನಾಚಿಕೆ ಕಣೋ. ಇದು ಬೇಗ ಇಳಿಯಲ್ಲ."

ಅಕ್ಕನ ಮೇಲಿನ ಮಾತನ್ನು ತೆಗೆಯಲು ಹೊರಟಿದ್ದೆ. ಅವಳಿಗೆ ಅದು ಭಾರವೇ ಆಗಿರಲಿಲ್ಲ. ಭಾವ ಮಾತ್ರ ಅದರಡಿ ಬಗ್ಗಿಹೋಗಿದ್ದರು. ನಿಜ ಹೇಳಿದರೆ ಅವರು ಇನ್ನಷ್ಟು ಬಗ್ಗುತ್ತಾರೆ. ಹೇಳದಿದ್ದರೆ ಅಕ್ಕನ ಹೆಸರು ಪೀಣ್ಯದಲ್ಲಿ ಕೆಟ್ಟ ಯಂತ್ರಗಳ ಜೊತೆ ತಿರುಗುತ್ತಿರುತ್ತದೆ. ಆ ವಾರವೆಲ್ಲ ನಾನು ಮಹಡಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಕೆಳಗಿನಿಂದ ಮನೆ ಮಾಲೀಕರು, "ಸಾ, ತಾರಸಿ ಸವೆದೋಯ್ತದೆ" ಎಂದರು.

ಕೊನೆಗೆ ಲ್ಯಾಬಿನ ಅಳತೆಯನ್ನಷ್ಟೇ ಭಾವನ ಮುಂದಿಟ್ಟೆ. ವಿಭೂತಿ ಯಾರದು ಎಂಬ ಮಾತನ್ನೇ ಎತ್ತಲಿಲ್ಲ.

"ಭಾವ, ತಪ್ಪು ಬುಲೆಟ್ಟಿನದು. ಬಿಸಿಯಾದ್ರೆ ಹಿತ್ತಾಳೆ ಸಡಿಲ ಆಗುತ್ತೆ. ಬೂದಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಟೆಸ್ಟ್ ಮಾಡಿದೀನಿ."

ಅವರು ಪೇಪರ್ ಕೆಳಗಿಳಿಸಿದರು. "ಬೂದಿಯಿಂದ ಏನೂ ಆಗ್ಲಿಲ್ಲ ಅಂತೀಯಾ? ಖಚಿತವಾಗಿ?"

ಹೌದು ಎನ್ನಬಹುದಿತ್ತು.  "ಸ್ವಲ್ಪ ಆಗಿರಬಹುದು. ಎಷ್ಟು ಅಂತ ಗೊತ್ತಾಗಲ್ಲ."

ಅವರು ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ನಕ್ಕರು. ಹಬ್ಬ ಮುಗಿದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು. "ಪೂರ್ತಿ ಸುಳ್ಳು ಹೇಳೋಕೂ ಬರಲ್ಲ ನಿನಗೆ. ಏನ್ ಓದಿಸಿದ್ರೋ," ಎಂದು ಸ್ಟೂಲು ಎಳೆದುಕೊಂಡು ಅಟ್ಟದ ಕಡೆ ಹೋದರು.

ಹೊಸ ಕನೆಕ್ಟರ್ ಪರ್ಚೇಸ್ ಮ್ಯಾನೇಜರಿನ ಬಳಿಯೇ ಇತ್ತು. ಅವರ ಕಾರಿನದು ಕೆಂಪು, ಚಪ್ಪಟೆ. ಒಳಗೆ ದುಂಡು ಪಿನ್ನಿನ ಬದಲು ಎರಡು ಅಗಲ ಪಟ್ಟಿ, ಹಿಂದೆ ಸ್ಪ್ರಿಂಗು. ಒಂದು ಪಟ್ಟಿ ಅಡ್ಡ, ಒಂದು ಉದ್ದ, ಹಾಗಾಗಿ ಉಲ್ಟಾ ಹಾಕಲು ಆಗುವುದೇ ಇಲ್ಲ. ಭಾವ ಹೋಗಿ ಕೇಳಿದರು. ಅದಕ್ಕೆ ಎಷ್ಟು ಧೈರ್ಯ ಬೇಕಾಯಿತೋ. "ಇಂಡೆಂಟ್ ಚೀಟಿ ಬರ್ದು ಕೊಡಿ ಸಾರ್, ನೋಡೋಣ" ಎಂದರಂತೆ ಅವರು; ಸಂಜೆ ತಾವೇ ಒಂದು ಜೋಡಿ ಮೇಜಿನ ಮೇಲಿಟ್ಟು ಹೋದರಂತೆ.

ಅದನ್ನು ಬೆಸೆಯುವುದು ಸುಲಭವಿರಲಿಲ್ಲ. ದಪ್ಪ ವೈರು ಶಾಖವನ್ನೆಲ್ಲ ಎಳೆದುಕೊಂಡು ನಮ್ಮ ಸಣ್ಣ ಐರನ್ನು ತಣ್ಣಗಾಗುತ್ತಿತ್ತು. ಲ್ಯಾಬಿನ ದೊಡ್ಡದನ್ನು ತಂದೆ. ಹೆಚ್ಚು ಹೊತ್ತು ಹಿಡಿದರೆ ಕೆಂಪು ಪ್ಲಾಸ್ಟಿಕ್ಕು ಮೆತ್ತಗಾಗಿ ಪಟ್ಟಿ ಓರೆಯಾಗುತ್ತದೆ. ಹಾಗಾಗಿ ಗಂಡು-ಹೆಣ್ಣು ಎರಡನ್ನೂ ಒಂದಕ್ಕೊಂದು ಸೇರಿಸಿಟ್ಟು, ವೈರಿಗೂ ಪಟ್ಟಿಗೂ ಮೊದಲೇ ಬೇರೆ ಬೇರೆಯಾಗಿ ಬೆಸುಗೆಯ ಲೆಡ್ ಹಚ್ಚಿ, ಒಮ್ಮೆ ಮುಟ್ಟಿಸಿ ತೆಗೆದೆವು. ಒಳಗೆ ಹುದುಗಿರುವ ಹೆಣ್ಣು ಭಾಗ ಬ್ಯಾಟರಿಯ ಕಡೆಗೆ, ಯಾವಾಗಲೂ ಕರೆಂಟಿನ ಜೀವವಿರುವುದು ಅಲ್ಲಿ. ಹೊರಚಾಚಿದ್ದು ಕಾರಿನ ಕಡೆಗೆ. ಬೆಸುಗೆ ತಣಿಯುವವರೆಗೆ ಭಾವ ಉಸಿರು ಹಿಡಿದು ವೈರು ಅಲ್ಲಾಡದಂತೆ ಕೂತಿದ್ದರು. ನನಗೆ ಹಾಗೆ ಕೂರಲು ಬರುವುದಿಲ್ಲ. ನಾನು ಐರನ್ನು ಹಿಡಿದೆ.

ರಾಜ್ಯೋತ್ಸವದ ದಿನ ಕಾರ್ಖಾನೆಯಲ್ಲಿ ಬಾವುಟ ಹಾರಿಸುತ್ತಾರೆ. ಮನೆಯವರೆಲ್ಲ ಮತ್ತೆ ಬರುತ್ತಾರೆ. ಕಾರು ತಂದಿದ್ದೇವೆ ಎಂದು ಗೊತ್ತಾದ ಕೂಡಲೇ ಬಾವುಟದ ಕೆಳಗಿದ್ದವರು ಅಂಗಳಕ್ಕೆ ಬಂದರು.

"ಮೇಡಂ, ಪೂಜೆ ಆಯ್ತಾ?" ಪರ್ಚೇಸ್ ಮ್ಯಾನೇಜರ್ ಶುರು ಮಾಡಿದರು.

ಅಕ್ಕ ಬಾಯಿ ತೆರೆಯುವ ಮೊದಲು ಭಾವ ಕಾರನ್ನು ನೆಲದ ಮೇಲಿಟ್ಟರು. ಹಣೆಯ ಮೇಲೆ ಅವತ್ತಿನ ಪೂಜೆಯ ವಿಭೂತಿ ಒಣಗಿತ್ತು. ಎರಡೂ ಕೈಯನ್ನು ಅಂಗೈ ಮೇಲಾಗಿ ಅಕ್ಕನ ಮುಂದೆ ಚಾಚಿದರು, ಅಷ್ಟೂ ಜನರ ಎದುರಿಗೆ.

"ನೀರು ಹಾಕು."

ಅಕ್ಕ ಅವರ ಮುಖ ನೋಡಿದಳು. ಬೇಡ ಎನ್ನುವ ಹಾಗೆ ತಲೆಯಾಡಿಸಿದಳು. ಅವರು ಕೈ ಹಿಂತೆಗೆಯಲಿಲ್ಲ. ಆಗ ಅವಳು ನೀರು ಹೊಯ್ದಳು. ಅವರು ಒಂದೊಂದೇ ಬೆರಳನ್ನು ಉಜ್ಜಿ, ಉಗುರಿನ ಸಂದನ್ನೂ ಬಿಡದೆ ತೊಳೆದರು. ಸಿಮೆಂಟಿನ ಮೇಲೆ ನೀರು ಹರಿಯಿತು. ಯಾರೂ ನಗಲಿಲ್ಲ. ಪರ್ಚೇಸ್ ಮ್ಯಾನೇಜರ್ ಭಾವನ ಬೆರಳನ್ನು ನೋಡಿದರು, ಹಣೆ ನೋಡಿದರು, ಅಕ್ಕನನ್ನು ನೋಡಿದರು. "ಓ," ಎಂದರು. ಜೇಬಿನಿಂದ ಕರ್ಚೀಫು ತೆಗೆದು ಕೊಟ್ಟರು. ಭಾವ ಒರೆಸಿಕೊಂಡು, ಬಗ್ಗಿ, ಕೆಂಪು ಕನೆಕ್ಟರನ್ನು ಒತ್ತಿದರು.

ಅವರು ಆಮೇಲೆ ಎದ್ದು ನಿಂತು, "ಆವತ್ತಿನ ವಿಭೂತಿ ನಂದೇ ಕಣ್ರೀ, ಇವಳದ್ದಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಇದು ನನಗೆ ಅವರ ದನಿಯ ಸಮೇತ ನೆನಪಿದೆ. ಅಕ್ಕನನ್ನು ಕೇಳಿದರೆ, "ಏನೂ ಹೇಳ್ಲಿಲ್ಲ ಕಣೋ. ಅವರು ಹಂಗೆಲ್ಲ ಹೇಳೋ ಮನುಷ್ಯನಾ?" ಎನ್ನುತ್ತಾಳೆ. ಅವಳ ಮಾತೇ ಸರಿಯಿರಬೇಕು. ನೀರು ಹೊಯ್ದದ್ದು ಹಿತ್ತಾಳೆ ತಂಬಿಗೆಯಿಂದ ಎಂದೂ ನನಗೆ ನೆನಪಿದೆ. ಪೀಣ್ಯದ ಕಾರ್ಖಾನೆಗೆ ಯಾರು ತಂಬಿಗೆ ಒಯ್ಯುತ್ತಾರೆ?

"ತಂಬಿಗೆ ಅಲ್ಲ, ಪ್ಲಾಸ್ಟಿಕ್ ಬಾಟ್ಲಿ," ಎನ್ನುತ್ತಾಳೆ ಅಕ್ಕ. "ಮುಚ್ಚಳ ತಿರುಪೋಕೇ ಆಗ್ಲಿಲ್ಲ, ಕೊನೆಗೆ ಸೆರಗು ಸುತ್ತಿ ತೆಗ್ದೆ."